ಕತ್ತಿನ ಮೇಲಿನ ಮೂರು ಗರಿ

ಫೆಬ್ರವರಿ 9, ಭಾನುವಾರ

ಅಕ್ಕ ಬಂದಿಳಿದಳು. ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಜೊತೆಗೆ ಹೆರಿಗೆ ಆಸ್ಪತ್ರೆಯವರು ನಿವೃತ್ತಿಯ ದಿನ ಕೊಟ್ಟ ಮಗು ತೂಗುವ ತಕ್ಕಡಿ. ಅವಳ ಅಡುಗೆಮನೆಯ ಚಾವಣಿಯ ಗಾರೆ ಕಳಚಿ ಒಲೆಯ ಮೇಲೆ ಬಿದ್ದಿದೆಯಂತೆ. ಹದಿನೈದು ದಿನದಲ್ಲಿ ರಿಪೇರಿ ಮುಗಿಸುತ್ತೇನೆ ಎಂದು ಗಾರೆಯವನು ಹೇಳಿದ್ದಾನಂತೆ. ಗಾರೆಯವರ ಹದಿನೈದು ದಿನ ಎಂದರೆ ಎಷ್ಟೆಂದು ನನಗೆ ಗೊತ್ತಿಲ್ಲವೇ. ಇಪ್ಪತ್ತೆರಡು ವರ್ಷದಿಂದ ನಾನೊಬ್ಬನೇ ಇರುವ ಮನೆ ಇದು. ಮುಂದೆ ವಾಚು ರಿಪೇರಿ ಅಂಗಡಿ, ನಡುವೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಕೋಳಿ ಶೆಡ್ಡು. ತಕ್ಕಡಿ ಇಡಲು ಜಾಗವಿಲ್ಲ. ಸದ್ಯಕ್ಕೆ ಅದು ನನ್ನ ಹಾಸಿಗೆಯ ಮೇಲಿದೆ.

ಅವಳು ಬಂದ ದಿನವೇ ಮೊಟ್ಟೆ ಒಡೆಯಬೇಕೆ. ಮೂವತ್ತರಲ್ಲಿ ಇಪ್ಪತ್ತಾರು ಮರಿ. ಅವುಗಳಲ್ಲಿ ಆರಕ್ಕೆ ಕತ್ತಿನ ತುಂಬ ರೋಮ, ಬೀದಿಯಲ್ಲಿ ಓಡಾಡುವ ಯಾವುದೋ ಕೋಳಿಗೆ ಇರುವ ಹಾಗೆ. ಒಂಬತ್ತು ವರ್ಷ ಬೋಳುಕತ್ತಿನ ಕೋಳಿ ಸಾಕಿದ್ದಕ್ಕೆ ಇದು ಫಲ.

"ತಪ್ಪೇನಿದೆ ಇವುಗಳಲ್ಲಿ? ಮುದ್ದಾಗಿವೆ," ಅಂದಳು ಅಕ್ಕ.

ವಿವರಿಸಿದೆ. ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಒಂದು ಗರಿಯೂ ಇರಬಾರದು, ಕೆಂಪು ಚರ್ಮ ಮಾತ್ರ. ನೆತ್ತಿಯ ಮೇಲೆ ಅಚ್ಚುಕಟ್ಟಾದ ಗರಿಟೋಪಿ. ಕೆಲವಕ್ಕೆ ಕತ್ತಿನ ಮುಂಭಾಗದಲ್ಲಿ ಒಂದು ಸಣ್ಣ ಗೊಂಚಲು ಬರುತ್ತದೆ. ನಾವು ಸಾಕುವವರು ಅದನ್ನು ‘ಟೈ’ ಅನ್ನುತ್ತೇವೆ. ಟೈ ಇದ್ದರೆ ಅದು ಅರೆತಳಿ. ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬೋಳು ಬಂದಿದೆ, ಇನ್ನೊಬ್ಬರಿಂದ ಗರಿ ಬಂದಿದೆ ಎಂದರ್ಥ. ಟೈ ಇಲ್ಲದ್ದು ಶುದ್ಧ. ಶುದ್ಧ ಹುಂಜದ ಜೊತೆ ಎಂಥ ಹೇಂಟೆ ಬಿಟ್ಟರೂ ಕತ್ತಿನ ತುಂಬ ಗರಿಯಿರುವ ಮರಿ ಹುಟ್ಟುವಂತಿಲ್ಲ.

"ನಿನ್ನ ಹುಂಜ ಶುದ್ಧವೇನೋ?"

"ದೊರೆ? ಶುದ್ಧ ಅಲ್ಲದೆ ಮತ್ತೇನು. ಕೋಳಿ ಪ್ರದರ್ಶನದಲ್ಲಿ ಎರಡು ಸಲ ಎರಡನೇ ಸ್ಥಾನ ಬಂದಿದೆ."

"ಹಾಗಾದ್ರೆ ಈ ಆರು ಮರಿ ಎಲ್ಲಿಂದ ಬಂದ್ವು?"

ಇನ್ಕ್ಯುಬೇಟರಿನ ಶಾಖ ಏರುಪೇರಾಗಿದೆ ಅಂದೆ. ಅವಳು ಕನ್ನಡಕ ತೆಗೆದು ಒರೆಸಿದಳು. ಚಿಕ್ಕಂದಿನಿಂದಲೂ ನನ್ನ ಮಾತು ನಂಬದಿದ್ದಾಗ ಅವಳು ಮಾಡುವುದು ಅದನ್ನೇ. ಏಪ್ರಿಲ್ ಇಪ್ಪತ್ತಕ್ಕೆ ಪ್ರದರ್ಶನ. ಈ ವರ್ಷವಾದರೂ ನೆಮ್ಮದಿಯಾಗಿ ತಯಾರಿ ಮಾಡೋಣ ಎಂದುಕೊಂಡಿದ್ದೆ.

ಫೆಬ್ರವರಿ 12, ಬುಧವಾರ

ಅಕ್ಕ ಒಂದು ದಪ್ಪ ಪುಸ್ತಕ ತಂದು ಗೆರೆ ಹಾಕಿದ್ದಾಳೆ. ಮರಿಯ ಸಂಖ್ಯೆ, ಹುಟ್ಟಿದ ದಿನ, ತೂಕ, ತಾಯಿ, ತಂದೆ, ಕತ್ತು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನ ರಿಜಿಸ್ಟರ್ ಬರೆದ ಕೈಗೆ ಈಗ ತುರಿಕೆ.

"ಈ ಮರಿಯ ತಾಯಿ ಯಾರು?"

"ನಾಲ್ಕು ಹೇಂಟೆ ಒಂದೇ ಕೋಣೇಲಿವೆ. ಯಾವುದೋ ಒಂದು."

"ಯಾವುದೋ ಒಂದು ಅಂತ ನಮ್ಮ ವಾರ್ಡಿನಲ್ಲಿ ಬರೆದಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು ಕಣೋ."

ಒಂಬತ್ತು ವರ್ಷ ನನ್ನ ತಲೆಯೇ ನನಗೆ ಪುಸ್ತಕವಾಗಿತ್ತು. ಅವಳು ಶೆಡ್ಡನ್ನು ನಾಲ್ಕು ಭಾಗ ಮಾಡಿಸಿ, ಹೇಂಟೆಗೊಂದು ಭಾಗ ಕೊಟ್ಟು, ದೊರೆಯನ್ನು ದಿನಕ್ಕೊಂದು ಭಾಗಕ್ಕೆ ಬಿಡಬೇಕಂತೆ. ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾಯಿಯ ಸಂಖ್ಯೆ ಬರೆಯಬೇಕಂತೆ. ವಾದ ಮಾಡುವುದಕ್ಕಿಂತ ಮೊಳೆ ಹೊಡೆಯುವುದು ಸುಲಭ. ಹೊಡೆದೆ. ಹೆಬ್ಬೆರಳು ಜಜ್ಜಿತು.

ಫೆಬ್ರವರಿ 20, ಗುರುವಾರ

ಹೊಲಿಗೆಯವಳ ಫೋನು. ಎರಡು ಊರಿನ ಆಚೆ ಅವಳ ಹೊಲಿಗೆ ಅಂಗಡಿ. ಕಳೆದ ಅಕ್ಟೋಬರಿನಲ್ಲಿ ನನ್ನ ಶೆಡ್ಡಿಗೆಲ್ಲ ದಪ್ಪ ಬಟ್ಟೆಯ ಪರದೆ ಹೊಲಿದುಕೊಟ್ಟು, ಬದಲಿಗೆ ದೊರೆಯ ಮಗ ಚಿಕ್ಕದೊರೆಯನ್ನು ಒಯ್ದಿದ್ದಳು. ಅವಳ ಹತ್ತಿರ ಇರುವುದು ಸಾಮಾನ್ಯ ಹೇಂಟೆಗಳು. ಈ ಹುಂಜ ಒಂದಿದ್ದರೆ ಸಾಕು, ಹುಟ್ಟುವುದೆಲ್ಲ ಬೋಳುಕತ್ತೇ ಎಂದು ನಾನೇ ಹೇಳಿ ಕಳಿಸಿದ್ದೆ.

"ಸಾರ್, ಹದಿನಾಲ್ಕು ಮರಿ ಆದ್ವು. ಏಳಕ್ಕೆ ಕತ್ತಿನ ತುಂಬ ಗರಿ ಇದೆ."

"ಪಕ್ಕದ ಮನೆ ಹುಂಜ ನುಗ್ಗಿರುತ್ತೆ ನೋಡಮ್ಮ."

"ನಮ್ಮ ಬೀದೀಲಿ ಬೇರೆ ಹುಂಜ ಎಲ್ಲೂ ಇಲ್ಲ ಸಾರ್. ಹಿಂದಿನ ಬೀದೀಲಿ ಒಂದಿದೆ."

"ಮತ್ತೇನು. ಗೂಡಿನ ಬಾಗಿಲು ಯಾರೋ ತೆರೆದಿಟ್ಟಿದ್ದಾರೆ."

"ಕಾಳು ಹಾಕೋದು ನಮ್ಮಣ್ಣ. ಅವನಿಗೆ ಬಾಗಿಲು ಹಾಕೋ ಅಭ್ಯಾಸ ಕಡಿಮೆ," ಅಂದಳು.

"ಅದೇ ಮತ್ತೆ," ಅಂದೆ.

ಹಕ್ಕಿ ಕೊಟ್ಟ ತಪ್ಪಿಗೆ ಜೀವನಪರ್ಯಂತ ಉತ್ತರ ಹೇಳುತ್ತಾ ಕೂರಬೇಕು. ಕರೆ ಬಂದಾಗ ಒಂದು ಹಳೆಯ ಕೈಗಡಿಯಾರದ ಕೂದಲೆಳೆ ಸ್ಪ್ರಿಂಗು ಕೂರಿಸುತ್ತಿದ್ದೆ. ಅದು ಎಗರಿ ಎಲ್ಲಿ ಬಿತ್ತೋ ಸಿಕ್ಕಲಿಲ್ಲ.

ಮಾರ್ಚ್ 3, ಸೋಮವಾರ

ಮತ್ತೆ ಹೊಲಿಗೆಯವಳು. ಚಿಕ್ಕದೊರೆಯ ಕತ್ತಿನ ಮುಂದೆ ಎರಡು ಗರಿ ಬಂದಿವೆಯಂತೆ.

"ತಂದಾಗ ಇರಲಿಲ್ಲ ಸಾರ್. ಸ್ವಲ್ಪ ದಿನಕ್ಕೇ ಮೊಳಕೆ ಕಂಡಿತ್ತು, ಧೂಳು ಅಂದ್ಕೊಂಡಿದ್ದೆ. ಇದು ಟೈ ಅನ್ನೋದು ಅಲ್ಲ ತಾನೇ?"

"ಅಲ್ಲಮ್ಮ. ಬಿಸಿಲಿಗೆ ಒಂದೆರಡು ಹಾಗೆ ಬರುತ್ತೆ. ಕಿತ್ತುಬಿಡು."

"ಕೀಳಬಹುದಾ? ಪ್ರದರ್ಶನಕ್ಕೆ ಹೊಸಬರ ವಿಭಾಗದಲ್ಲಿ ಹೆಸರು ಕೊಟ್ಟಿದ್ದೀನಿ."

"ಧಾರಾಳವಾಗಿ."

ಬಿಸಿಲೂ ಕಡಿಮೆಯೇನಿಲ್ಲ ಈ ವರ್ಷ.

ಗಾರೆಯವನ ಹದಿನೈದು ದಿನ ಮುಗಿದು ಒಂದು ವಾರವಾಯಿತು. ಚಾವಣಿ ಒಣಗಬೇಕಂತೆ. ಇಲ್ಲಿ ಇಷ್ಟು ಬಿಸಿಲಿದೆ, ಅಲ್ಲಿ ಮಾತ್ರ ಒಣಗುವುದಿಲ್ಲ. ಅಕ್ಕ ಅಂಗಡಿಯ ಗಡಿಯಾರಗಳಿಗೆಲ್ಲ ಒಂದೇ ಸಮಯ ಇಟ್ಟಿದ್ದಾಳೆ. ಈಗ ಗಂಟೆಗೊಮ್ಮೆ ಹದಿನಾರು ಗಡಿಯಾರ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಗಿರಾಕಿಯೊಬ್ಬ ಬೆಚ್ಚಿ ಎದ್ದುನಿಂತ.

ಮಾರ್ಚ್ 16, ಭಾನುವಾರ

ಪೆನ್ಸಿಲಿನ ಗುರುತು ಹಾಕಿದ ಮೊಟ್ಟೆಗಳು ಒಡೆದವು. ನಲವತ್ತು ಮರಿ. ಅಕ್ಕ ಒಂದೊಂದನ್ನೂ ಅಂಗೈಯಲ್ಲಿ ಮಲಗಿಸಿ, ಕತ್ತು ಮೇಲೆತ್ತಿ, ತೂಗಿ, ಬರೆದಳು. ಎರಡೂವರೆ ಗಂಟೆ. ಅಷ್ಟು ಹೊತ್ತೂ ನಾನು ಮರಿ ಎತ್ತಿಕೊಡುವ ಆಳು.

ಊಟಕ್ಕೆ ಕೂತಾಗ ಪುಸ್ತಕ ತಟ್ಟೆಯ ಪಕ್ಕಕ್ಕೆ ಬಂತು.

"ಇಲ್ಲಿ ನೋಡು. ಮೊದಲನೇ ಹೇಂಟೆಯ ಹತ್ತು ಮರೀಲಿ ಐದಕ್ಕೆ ಟೈ. ಎರಡನೇದರ ಹನ್ನೊಂದರಲ್ಲಿ ಮೂರಕ್ಕೆ ಪೂರ್ತಿ ಗರಿ. ಮೂರನೇದರಲ್ಲೂ ಇದೆ, ನಾಲ್ಕನೇದರಲ್ಲೂ ಇದೆ."

"ಹೇಂಟೆಗಳು ಸರಿಯಿಲ್ಲ."

"ನಾಲ್ಕೂ ಸರಿಯಿಲ್ವಾ? ಅಮ್ಮಂದಿರು ನಾಲ್ಕು ಜನ, ಅಪ್ಪ ಒಬ್ಬನೇ ಕಣೋ."

"ಹಾಗಂದ್ರೆ?"

"ಹಾಗಂದ್ರೆ ಹಾಗೇ."

ಊಟ ಬಿಟ್ಟು ಎದ್ದೆ. ದೊರೆಯ ಬಗ್ಗೆ ನನ್ನ ಮನೆಯಲ್ಲಿ, ನನ್ನ ತಟ್ಟೆಯ ಪಕ್ಕದಲ್ಲಿ, ಬಂದು ಐದೇ ವಾರವಾದವಳು ತೀರ್ಪು ಕೊಡುವುದು. ಹುಂಜದ ಕತ್ತು ನೋಡಿದರೆ ಗೊತ್ತಾಗುವುದಿಲ್ಲವೇ. ನಾನು ಒಂಬತ್ತು ವರ್ಷ ನೋಡಿದ್ದೇನೆ.

ಮಾರ್ಚ್ 17, ಸೋಮವಾರ

ಮಾತಿಲ್ಲ. ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ. ಹದಿನಾರು ಗಡಿಯಾರ ಮಾತ್ರ.

ಏಪ್ರಿಲ್ 10, ಗುರುವಾರ

ಪ್ರದರ್ಶನಕ್ಕೆ ಹತ್ತು ದಿನ. ದೊರೆಯನ್ನು ಅಂಗಡಿಯ ಮೇಜಿಗೆ ತಂದು, ಟವೆಲಿನಲ್ಲಿ ಸುತ್ತಿ, ನನ್ನ ಕಣ್ಣಿಗೆ ವಾಚು ನೋಡುವ ಲೆನ್ಸು ಹಾಕಿ ಸ್ವಚ್ಛ ಮಾಡುತ್ತಿದ್ದೆ. ಹಕ್ಕಿಯನ್ನು ತಯಾರು ಮಾಡುವವರೆಲ್ಲ ಮಾಡುವುದೇ. ಕಾಲು ತೊಳೆಯುತ್ತಾರೆ, ಜುಟ್ಟಿಗೆ ಎಣ್ಣೆ ಸವರುತ್ತಾರೆ. ಇದೂ ಹಾಗೆಯೇ. ಬೆಚ್ಚಗಿನ ನೀರಿನ ಬಟ್ಟೆ ಇಟ್ಟು, ಚರ್ಮ ಸಡಿಲವಾದ ಮೇಲೆ ಚಿಮಟದಿಂದ ಬುಡ ಹಿಡಿದು ಎಳೆದರೆ ದೊರೆಗೆ ಗೊತ್ತೇ ಆಗುವುದಿಲ್ಲ. ಹತ್ತು ದಿನದಲ್ಲಿ ಗುಳಿ ಮುಚ್ಚಿಕೊಳ್ಳುತ್ತದೆ, ಹೊಸದು ಇನ್ನೂ ಹೊರಗೆ ಕಾಣುವುದಿಲ್ಲ. ಮೂರೇ ಮೂರು ಗರಿ. ಅದು ಟೈ ಅಲ್ಲ. ಟೈ ಎಂದರೆ ಗೊಂಚಲು. ಮೂರಕ್ಕೆ ಯಾರೂ ಗೊಂಚಲು ಅನ್ನುವುದಿಲ್ಲ.

ಎರಡನೆಯದನ್ನು ಎಳೆಯುವಾಗ ಅಕ್ಕ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನು ಮಾಡ್ತಿದ್ದೀಯೋ?"

"ಸ್ವಚ್ಛ."

ಲೋಟ ಮೇಜಿನ ತುದಿಯಲ್ಲಿಟ್ಟು ಒಳಗೆ ಹೋದಳು. ಏನಾದರೂ ಅಂದಿದ್ದರೆ ತಿರುಗಿ ನಾಲ್ಕು ಮಾತು ಹೇಳಬಹುದಿತ್ತು. ಸಂಜೆ ಪುಸ್ತಕ ತೆರೆದು ನೋಡಿದರೆ ದೊರೆಯ ಹೆಸರಿನ ಮುಂದೆ ಹೊಸದೊಂದು ಕಲಂ. "ಕಿತ್ತದ್ದು: 3." ದಿನಾಂಕದ ಸಮೇತ. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಪುಸ್ತಕ ಅದು, ಯಾರ ಹುಂಜ.

ಏಪ್ರಿಲ್ 20, ಭಾನುವಾರ

ದೊರೆಗೆ ಮೊದಲ ಸ್ಥಾನ. ಬಹುಮಾನದ ಕಪ್ಪು ಬಂತು. ತಲೆ ಸಿಡಿಯುತ್ತಿದೆ. ಮಲಗುತ್ತೇನೆ.

ಏಪ್ರಿಲ್ 21, ಸೋಮವಾರ

ಆ ಸಭಾಂಗಣದಲ್ಲಿ ಒಂದೇ ಒಂದು ಫ್ಯಾನು ತಿರುಗುತ್ತಿತ್ತು. ಇನ್ನೂರು ಪಂಜರ, ಕಿವಿ ತೂತಾಗುವಷ್ಟು ಕೂಗು, ಕೂರಲು ಕುರ್ಚಿಯಿಲ್ಲ. ಅಂಥಲ್ಲಿ ಬೆಳಿಗ್ಗೆ ಎಂಟರಿಂದ ನಿಂತರೆ ಯಾರಿಗೆ ತಾನೇ ತಲೆ ನೆಟ್ಟಗಿರುತ್ತದೆ.

ತೀರ್ಪುಗಾರರು ಬಣ್ಣದ ಅಂಗಡಿಯ ಯಜಮಾನರು. ಬಿಳಿ ಕೋಟು ಹಾಕಿ, ಎಲ್ಲವನ್ನೂ ನಿಧಾನವಾಗಿ ಮಾಡುತ್ತಾರೆ. ಮೊದಲು ಹಳಬರ ವಿಭಾಗ. ದೊರೆಯ ಕತ್ತನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ತಲೆಯಾಡಿಸಿದರು. ಆಮೇಲೆ ಹೊಸಬರ ವಿಭಾಗ. ಹೊಲಿಗೆಯವಳು ಚಿಕ್ಕದೊರೆಯ ಪಂಜರಕ್ಕೆ ತಾನೇ ಹೊಲಿದ ಹಸಿರು ಹೊದಿಕೆ ಹಾಕಿಕೊಂಡು ಬಂದಿದ್ದಳು. ನನ್ನನ್ನು ನೋಡಿ ನಕ್ಕು, ಕೈಯೆತ್ತಿದಳು.

ತೀರ್ಪುಗಾರರು ಅವಳ ಹುಂಜದ ಕತ್ತು ಸವರಿದವರು ಅಲ್ಲೇ ನಿಂತರು. ಕಿಸೆಯಿಂದ ಭೂತಗನ್ನಡಿ ತೆಗೆದರು.

"ಇಲ್ಲಿ ಎರಡು ಹಸಿ ಗುಳಿ ಇವೆ. ರಕ್ತದ ಚುಕ್ಕೆ ಇದೆ. ಕಿತ್ತಿದ್ದೀರಾ?"

"ಹೌದು ಸಾರ್, ಇವತ್ತು ಬೆಳಿಗ್ಗೆ," ಅಂದಳು. ಸಮಯ ಕೇಳಿದರೆ ಹೇಳುವ ಹಾಗೆ.

ಇವತ್ತು ಬೆಳಿಗ್ಗೆಯಂತೆ. ಬೆರಳಿನಲ್ಲಿ ಹಿಡಿದು ಎಳೆದಿರಬೇಕು. ಹತ್ತು ದಿನ ಮೊದಲೇ ಮಾಡಬೇಕು ಅನ್ನುವಷ್ಟು ತಿಳಿವಳಿಕೆ ಇಲ್ಲ.

"ಗರಿ ಕಿತ್ತು ತಂದ್ರೆ ಮೂರು ವರ್ಷ ಪ್ರದರ್ಶನಕ್ಕೆ ಬರೋ ಹಾಗಿಲ್ಲ. ನಿಯಮ ಓದಿಲ್ವಾ?"

"ಓದಿದೆ ಸಾರ್. ಇದು ಬಿಸಿಲಿಗೆ ಬರೋ ಗರಿ ಅಂತ..." ಅಷ್ಟಕ್ಕೇ ನಿಲ್ಲಿಸಿದಳು.

"ಬಿಸಿಲಿಗೆ ಗರಿ ಬರೋದು ನಾನು ಎಲ್ಲೂ ಕೇಳಿಲ್ಲ. ಯಾರು ಹೇಳಿದ್ದು ನಿಮಗೆ?"

ಸುತ್ತ ಹತ್ತು ಹನ್ನೆರಡು ಜನ ನೆರೆದಿದ್ದರು. ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ದೊರೆಯ ಪಂಜರದ ಚಿಲಕ ಸರಿಪಡಿಸುತ್ತಿದ್ದೆ. ಅದು ಸಡಿಲವಾಗಿತ್ತು.

"ಯಾರೂ ಹೇಳಿಲ್ಲ ಸಾರ್. ನಾನೇ ಮಾಡಿದ್ದು."

ಹಿಂದೆ ನಿಂತ ಯಾರೋ ನಕ್ಕರು. ಅವಳ ಊರಿನ ಹೆಸರು, ಅವಳ ಹೆಸರು, ಕಾರಣ ಎಲ್ಲವನ್ನೂ ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಅವಳು ಹಸಿರು ಹೊದಿಕೆಯನ್ನು ಮತ್ತೆ ಪಂಜರಕ್ಕೆ ಹೊದಿಸಿ, ಅದರ ನಾಲ್ಕೂ ದಾರ ಕಟ್ಟಿಕೊಂಡು, ಆ ಹಲಗೆಯ ಮುಂದೆಯೇ ದಾಟಿಹೋದಳು.

ನನ್ನ ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡತನ ತೋರಿಸು ಎಂದು ಇವಳನ್ನು ಯಾರು ಕೇಳಿದ್ದರು?

ಏಪ್ರಿಲ್ 24, ಗುರುವಾರ

"ಈ ಕಪ್ಪು ಎಲ್ಲಿಡಲಿ?" ಎಂದು ಅಕ್ಕ ನಾಲ್ಕು ದಿನದಲ್ಲಿ ಮೂರು ಸಲ ಕೇಳಿದಳು. ಎಲ್ಲಾದರೂ ಇಡು ಅಂದೆ. ತಕ್ಕಡಿಯ ಮೇಲೆ ಇಟ್ಟಿದ್ದಾಳೆ. ಮುನ್ನೂರ ತೊಂಬತ್ತು ಗ್ರಾಂ. ತಗಡು.

ಅವಳ ಚಾವಣಿ ಮುಗಿಯಿತಂತೆ. ಎರಡು ತಿಂಗಳು ಎಳೆದಾಡಿದ ಗಾರೆಯವನಿಗೆ ಈಗಲೇ ಏನು ಅವಸರ ಬಂದಿತ್ತೋ.

ಒಂದೇ ವಾಚನ್ನು ಮೂರು ಸಲ ಬಿಚ್ಚಿದೆ, ಮೂರು ಸಲವೂ ನಿಂತುಹೋಯಿತು.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ದೊರೆಗೆ ಕಾಳು ಹಾಕುವಾಗ ನೋಡಿದೆ. ಮೂರು ಮೊಳಕೆ ಹೊರಗೆ ಬಂದಿವೆ. ಅಕ್ಕ ಪಕ್ಕದಲ್ಲೇ ನೀರಿನ ಬಟ್ಟಲು ತೊಳೆಯುತ್ತಿದ್ದಳು. ಪ್ರದರ್ಶನದಲ್ಲಿ ನಡೆದದ್ದನ್ನು ಅವಳಿಗೆ ಹೇಳಿದೆ. ಯಾಕೆ ಹೇಳಿದೆನೋ. ಯಾರಿಗಾದರೂ ಹೇಳಬೇಕಲ್ಲ, ಆ ಹೊಲಿಗೆಯವಳು ಎಷ್ಟು ದಡ್ಡಿ ಎಂದು.

ಅವಳು ಪೂರ್ತಿ ಕೇಳಿಸಿಕೊಂಡಳು. ಬಟ್ಟಲು ಬೋರಲು ಹಾಕಿದಳು.

"ಹೋದ ವರ್ಷ ಆ ಚಿಕ್ಕ ಹುಂಜವನ್ನೂ ಹೀಗೇ ಸ್ವಚ್ಛ ಮಾಡಿ ಕೊಟ್ಟೆಯೇನೋ?"

"ಎರಡೇ ಎರಡು ಗರಿ, ಅಕ್ಕ."

"ನಾನು ಎಷ್ಟು ಅಂತ ಕೇಳಲಿಲ್ಲ."

ಕೈ ಒರೆಸಿಕೊಂಡು ಅವಳೇ ಹೇಳಿದಳು. "ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಮಗುವಿನ ತೂಕ ತಪ್ಪು ಬರೆದೆ. ಕಡಿಮೆ ಇತ್ತು, ಸರಿಯಾಗಿದೆ ಅಂತ ಬರೆದೆ. ಡಾಕ್ಟರು ಬೈತಾರೆ ಅಂತ ಭಯ. ಮಗುವನ್ನ ಮನೆಗೆ ಕಳಿಸಿಬಿಟ್ರು. ಆರನೇ ದಿನ ವಾಪಸ್ಸು ತಂದ್ರು."

"ಬದುಕಿತಾ?"

"ಬದುಕಿತು. ಆದ್ರೆ ಆ ತಾಯಿ ತನ್ನ ಹಾಲೇ ಸರಿಯಿಲ್ಲ ಅಂತ ಅಳ್ತಾ ಕೂತಿದ್ಲು. ನಾನು ಪಕ್ಕದಲ್ಲೇ ನಿಂತು ಸಮಾಧಾನ ಮಾಡ್ದೆ. ನಿಜ ಮಾತ್ರ ಹೇಳಲಿಲ್ಲ ಕಣೋ. ಇವತ್ತಿಗೂ ಹೇಳಿಲ್ಲ. ಈಗ ಹೇಳೋಣ ಅಂದ್ರೆ ಅವಳು ಎಲ್ಲಿದ್ದಾಳೋ."

ನಲವತ್ತು ವರ್ಷದ ಹಿಂದಿನ ಕಥೆ. ನನಗೇಕೆ ಬೇಕಿತ್ತು ಅದು. ಮಧ್ಯಾಹ್ನವೆಲ್ಲ ಹಾಳಾಯಿತು.

ಮೇ 1, ಗುರುವಾರ

ದೊರೆಯನ್ನು ಪಂಜರದಲ್ಲಿಟ್ಟುಕೊಂಡು, ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ತೀರ್ಪುಗಾರರ ಬಣ್ಣದ ಅಂಗಡಿಗೆ ಹೋದೆ. ಬಸ್ಸಿನಲ್ಲಿ ಹುಂಜಕ್ಕೂ ಟಿಕೆಟ್ಟು ತಗೋ ಎಂದು ಕಂಡಕ್ಟರ್ ಜಗಳ ತೆಗೆದ. ತಗೊಂಡೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ತಿಳಿ ಹಳದಿಗೂ ಕೆನೆಬಣ್ಣಕ್ಕೂ ವ್ಯತ್ಯಾಸವೇನೆಂದು ಮುಕ್ಕಾಲು ಗಂಟೆ ಚರ್ಚೆ ಮಾಡಿದರು. ಪಂಜರ ಹಿಡಿದು ನಿಂತೇ ಇದ್ದೆ. ಇನ್ನು ಐದು ನಿಮಿಷ ತಡವಾಗಿದ್ದರೆ ವಾಪಸ್ಸು ಹೊರಟುಬಿಡುತ್ತಿದ್ದೆ.

ಅವರು ಬಂದು ಪಂಜರದೊಳಗೆ ಇಣುಕಿದರು. ಮೂರು ಗರಿ ಅರ್ಧ ಬೆಳೆದಿದ್ದವು. ನೋಡಿದ ಕೂಡಲೇ ಅವರ ಮುಖ ಗಂಟಿಕ್ಕಿತು.

"ಇದು ಅವತ್ತು ಇರಲಿಲ್ಲ."

"ಹತ್ತು ದಿನ ಮೊದಲು ಕಿತ್ತಿದ್ದೆ. ಪ್ರತಿ ವರ್ಷ ಕೀಳ್ತೀನಿ. ಇವನ ಅಪ್ಪನಿಗೂ ಕೀಳ್ತಿದ್ದೆ."

"ಯಾಕ್ರೀ ಬಂದು ಹೇಳ್ತಿದ್ದೀರಿ ಇದನ್ನೆಲ್ಲ? ಫಲಿತಾಂಶ ಬರೆದು ಕಳಿಸಿ ಆಗಿದೆ. ಈಗ ಎಲ್ಲ ತಿದ್ದಬೇಕು."

"ಹೊಲಿಗೆ ಅಂಗಡಿಯ ಹೆಂಗಸಿಗೆ ಕೀಳು ಅಂತ ಹೇಳಿದ್ದು ನಾನು. ಬಿಸಿಲಿಗೆ ಬರುತ್ತೆ ಅಂದಿದ್ದೂ ನಾನೇ. ಅವಳಿಗೆ ಗೊತ್ತಿರಲಿಲ್ಲ."

"ಅವತ್ತು ನೀವು ಅಲ್ಲೇ ಇದ್ರಲ್ಲ."

"ಇದ್ದೆ."

ಅವರು ಬಣ್ಣ ಕಲಸುವ ಕೋಲನ್ನು ಒರೆಸಿ ಒರೆಸಿ ಪಕ್ಕಕ್ಕಿಟ್ಟರು. ಕೊನೆಗೆ ಕಾಗದ ಕೊಟ್ಟು ಎಲ್ಲವನ್ನೂ ಬರೆದುಕೊಡಿ ಅಂದರು. ಬರೆದು, ಕಪ್ಪನ್ನೂ ಅವರ ಮುಂದಿಟ್ಟೆ. ಪೆನ್ನು ಬೇರೆ ಸರಿಯಾಗಿ ಮೂಡುತ್ತಿರಲಿಲ್ಲ. ನನಗೆ ಐದು ವರ್ಷ ಪ್ರದರ್ಶನವಿಲ್ಲ. ಅವಳ ಮೇಲಿನ ನಿಷೇಧ ತೆಗೆದು, ಎಲ್ಲರಿಗೂ ಪತ್ರ ಹಾಕುತ್ತಾರಂತೆ. ಅದರಲ್ಲಿ ನನ್ನ ಹೆಸರೂ ಇರುತ್ತದಂತೆ.

"ನಿಮ್ಮ ಹಕ್ಕಿಗಳನ್ನ ನಾನು ತುಂಬಾ ಮೆಚ್ಚಿದ್ದೆ ಕಣ್ರೀ," ಅಂದರು ಹೊರಡುವಾಗ. ಅದನ್ನು ಹೇಳದೆ ಇದ್ದಿದ್ದರೆ ಆಗುತ್ತಿರಲಿಲ್ಲವೇ.

ಮೇ 4, ಭಾನುವಾರ

ಹೊಲಿಗೆ ಅಂಗಡಿ. ಭಾನುವಾರವೂ ತೆರೆದಿತ್ತು. ಅವಳು ಯಾರದೋ ಶಾಲೆಯ ಸಮವಸ್ತ್ರದ ರಾಶಿಯ ನಡುವೆ ಕೂತು ಯಂತ್ರ ಮೆಟ್ಟುತ್ತಿದ್ದಳು. ನನ್ನನ್ನು ಕಂಡು ಕಾಲು ನಿಲ್ಲಿಸಲಿಲ್ಲ. ಕೂರಿ ಅನ್ನಲಿಲ್ಲ. ಯಂತ್ರದ ಸದ್ದಿನಲ್ಲೇ ಹೇಳಬೇಕಾಯಿತು. ಚಿಕ್ಕದೊರೆ ಶುದ್ಧವಲ್ಲ, ನನಗೆ ಗೊತ್ತಿತ್ತು, ಕೊಡುವ ಮುಂಚೆ ಗರಿ ಕಿತ್ತಿದ್ದೆ, ನಿನ್ನ ಗೂಡಿಗೆ ಯಾವ ಹುಂಜವೂ ನುಗ್ಗಿರಲಿಲ್ಲ. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ನನ್ನ ಮಾತು ಮುಗಿಯಿತು. ಆಗ ಯಂತ್ರ ನಿಂತಿತು.

"ಪತ್ರ ನಿನ್ನೆ ಬಂತು ಸಾರ್. ಅದರಲ್ಲಿ ಕೀಳೋದರ ವಿಷಯ ಇತ್ತು. ಗೂಡಿನ ವಿಷಯ ಇರಲಿಲ್ಲ."

"ಅದಕ್ಕೇ ಬಂದೆ."

"ಎರಡು ತಿಂಗಳಿಂದ ನಮ್ಮಣ್ಣನ ಹತ್ತಿರ ನಾನು ಮಾತಾಡಿಲ್ಲ. ಬಾಗಿಲು ಹಾಕಿದ್ದೆ, ಹಾಕಿದ್ದೆ ಅಂತ ಎಷ್ಟು ಸಲ ಹೇಳಿದ. ಒಂದು ಬಾಗಿಲು ಹಾಕೋ ಯೋಗ್ಯತೆ ಇಲ್ವಾ ನಿನಗೆ ಅಂದೆ. ಮನೆ ಬಿಟ್ಟು ಗೆಳೆಯನ ರೂಮಿನಲ್ಲಿದ್ದಾನೆ."

ಒಳ್ಳೆ ಹುಂಜ ಒಂದು ತಂದುಕೊಡುತ್ತೇನೆ ಅಂದೆ.

"ನೀವು ಒಳ್ಳೇದು ಅಂದ್ರೆ ನಾನು ಹೇಗೆ ನಂಬ್ಲಿ ಸಾರ್?"

ನೆಲಕ್ಕೆ ಬಿದ್ದಿದ್ದ ಒಂದು ಅಂಗಿ ಎತ್ತಿ ರಾಶಿಯ ಮೇಲಿಟ್ಟೆ.

"ಹೋಗಿ. ನಾಳೆಗೆ ಅರವತ್ತು ಅಂಗಿ ಕೊಡಬೇಕು," ಅಂದಳು. ಯಂತ್ರ ಮತ್ತೆ ಶುರುವಾಯಿತು.

ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋಗದೆ, ಪಕ್ಕದ ಅಂಗಡಿಯವರನ್ನು ಕೇಳಿ ಆ ಗೆಳೆಯನ ರೂಮು ಹುಡುಕಿಕೊಂಡು ಹೋದೆ. ಮೂರನೇ ಮಹಡಿ, ಲಿಫ್ಟಿಲ್ಲ. ಅಣ್ಣ ಎನ್ನುವವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿ, ಮುಖದ ಮೇಲೆ ಬಾಗಿಲು ಹಾಕಿಕೊಂಡ. ಬಾಗಿಲು ಹಾಕಲು ಬರುವುದಿಲ್ಲ ಅಂದಿದ್ದಳು. ಬಹಳ ಚೆನ್ನಾಗಿ ಬರುತ್ತದೆ.

ಮೇ 6, ಮಂಗಳವಾರ

ಅಕ್ಕ ಹೊರಟಳು. ಪುಸ್ತಕ ಬಿಟ್ಟುಹೋಗಿದ್ದಾಳೆ. ತಕ್ಕಡಿಯನ್ನೂ.

"ನಿನಗೆ ಬೇಡವಾ?" ಅಂದೆ.

"ಅಲ್ಲಿ ಯಾರನ್ನ ತೂಗಲಿ?" ಅಂದಳು. ಭಾನುವಾರ ಬಂದು ಪರೀಕ್ಷೆ ಮಾಡುತ್ತಾಳಂತೆ, ಬರೆದಿದ್ದೇನೋ ಇಲ್ಲವೋ ಎಂದು. ಅರವತ್ತೈದರ ಹೆಂಗಸಿಗೆ ವಾರವಾರ ಬಸ್ಸು ಹತ್ತುವ ಹಟ. ಊಟ ಮಾಡುವಾಗ ಎರಡು ತಟ್ಟೆ ಇಟ್ಟುಬಿಟ್ಟೆ. ಮತ್ತೆ ತೊಳೆದು ಒರೆಸಿ ಎತ್ತಿಡುವ ಕೆಲಸ.

ಬೀದಿಯ ಕೊನೆಯ ಕ್ಷೌರಿಕನ ಮನೆಯಲ್ಲಿ ಹುಂಜವಿಲ್ಲದೆ ಇರುವ ಆರು ಸಾಮಾನ್ಯ ಹೇಂಟೆಗಳಿವೆ. ಒಂದೂ ಬೋಳಲ್ಲ, ಕತ್ತಿನ ತುಂಬ ಗರಿ. ಎರವಲು ತಂದೆ. ಮೂರನ್ನು ದೊರೆಯ ಜೊತೆ, ಮೂರನ್ನು ಕುಂಟನ ಜೊತೆ ಬಿಟ್ಟಿದ್ದೇನೆ. ಕುಂಟ ಎಂದರೆ ಶೆಡ್ಡಿನ ಮೂಲೆಯ ಪಂಜರದಲ್ಲಿ ಬೇರೆಯೇ ಇಟ್ಟಿದ್ದ, ಬಲಗಾಲಿನ ಬೆರಳು ಸೊಟ್ಟಗಿರುವ ಎರಡು ವರ್ಷದ ಹುಂಜ. ತಲೆಯ ಗರಿಟೋಪಿ ಹಳೆಯ ಪೊರಕೆಯ ಹಾಗಿದೆ. ನೋಡಲು ಏನೂ ಚೆನ್ನಾಗಿಲ್ಲ. ಆದರೆ ಅದರ ಕತ್ತಿಗೆ ನಾನು ಯಾವತ್ತೂ ಚಿಮಟ ಹಾಕಿಲ್ಲ. ಪ್ರದರ್ಶನಕ್ಕೆ ಒಯ್ಯುವ ಯೋಚನೆಯೇ ಇರಲಿಲ್ಲವಲ್ಲ.

ಜೂನ್ 8, ಭಾನುವಾರ

ಒಡೆದವು. ಅಕ್ಕ ಬಸ್ಸು ತಪ್ಪಿಸಿಕೊಂಡು ಹನ್ನೊಂದಕ್ಕೆ ಬಂದಳು. ಅಷ್ಟರಲ್ಲಿ ನಾನೇ ಎಲ್ಲವನ್ನೂ ತೂಗಿ ಬರೆದಿದ್ದೆ. ಅವಳು ಮತ್ತೆ ಎಲ್ಲವನ್ನೂ ತೂಗಿದಳು. ಎರಡು ಕಡೆ ಒಂದೊಂದು ಗ್ರಾಂ ತಪ್ಪಾಗಿತ್ತಂತೆ.

ದೊರೆ: ಹದಿನೇಳು ಮರಿ. ಒಂಬತ್ತಕ್ಕೆ ಕತ್ತಿನ ತುಂಬ ಗರಿ. ದೊರೆ ಶುದ್ಧವಲ್ಲ.

ಕುಂಟ: ಹತ್ತೊಂಬತ್ತು ಮರಿ. ಹತ್ತೊಂಬತ್ತೂ ಬೋಳುಕತ್ತು. ಎಲ್ಲಕ್ಕೂ ಮುಂದೆ ಟೈ ಇದೆ, ಇರಲೇಬೇಕು, ಅಮ್ಮಂದಿರು ಸಾಮಾನ್ಯ ಹೇಂಟೆಗಳು. ಪೂರ್ತಿ ಗರಿಯದ್ದು ಒಂದೂ ಇಲ್ಲ.

ಎರಡು ವರ್ಷ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಆ ಪೊರಕೆತಲೆಯೇ ಶುದ್ಧ. ಅದರ ಕಾಲು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಕಾಲು ನೆಟ್ಟಗೆ ಮಾಡಲು ಇನ್ನು ನಾಲ್ಕು ತಲೆಮಾರಾದರೂ ಬೇಕು.

"ಸಿಟ್ಟಾಗಬೇಡ. ಐದು ವರ್ಷ ನಿನಗೆ ಬೇರೆ ಏನು ಕೆಲಸ ಇದೆ," ಅಂದಳು ಅಕ್ಕ.

ಜೂನ್ 22, ಭಾನುವಾರ

ಅಕ್ಕ ನನ್ನನ್ನು ಒಂದು ಮಾತೂ ಕೇಳದೆ ಹೊಲಿಗೆಯವಳಿಗೆ ಫೋನು ಮಾಡಿದ್ದಾಳೆ. ಪುಸ್ತಕ ತೋರಿಸ್ತೀನಿ ಬನ್ನಿ ಅಂದಳಂತೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಮುಂದೆ ಅವಳೂ ಅವಳ ಅಣ್ಣನೂ ನಿಂತಿದ್ದರು. ನಾನು ಬನಿಯನ್ನಿನಲ್ಲಿದ್ದೆ.

ಅಣ್ಣ ನನ್ನ ಕಡೆ ನೋಡಲೂ ಇಲ್ಲ. ನೇರ ಶೆಡ್ಡಿಗೆ ಹೋಗಿ ಬಾಗಿಲುಗಳ ಚಿಲಕಗಳನ್ನೆಲ್ಲ ಎಳೆದು ನೋಡಿದ. ಒಂದು ಸಡಿಲ ಇದೆ ಅಂದ. ಇತ್ತು. ಹೊಲಿಗೆಯವಳು ಅಕ್ಕನ ಪಕ್ಕ ಕೂತು ಪುಸ್ತಕದ ಪುಟ ಪುಟವನ್ನೂ ಓದಿದಳು, "ಕಿತ್ತದ್ದು: 3" ಇದ್ದ ಪುಟವನ್ನೂ. ಅಲ್ಲಿ ಬೆರಳಿಟ್ಟು ಕೇಳಿದಳು, "ಇದು ಬರೆದಿದ್ದು ಯಾರು?"

"ನಾನು," ಅಂದಳು ಅಕ್ಕ.

"ಅದರ ಕೆಳಗೆ?"

ಕೆಳಗೆ ಬರೆದದ್ದು ನಾನು. ಹಿಂದಿನ ವರ್ಷಗಳದ್ದು, ನೆನಪಿದ್ದಷ್ಟು. ಯಾವ ಹುಂಜ, ಎಷ್ಟು ಗರಿ, ಯಾರಿಗೆ ಕೊಟ್ಟದ್ದು. ಒಂದೂವರೆ ಪುಟವಾಗಿದೆ. ಅದರಲ್ಲಿ ಇನ್ನೂ ಆರು ಜನರ ಮನೆಗೆ ಹೋಗಬೇಕು. ಒಬ್ಬರು ತೀರಾ ದೂರ.

ಕುಂಟನನ್ನು ಒಯ್ಯಬಹುದು ಎಂದು ನಾನು ಹೇಳಿದೆ. ಮರಿಗಳ ಲೆಕ್ಕ ಪುಸ್ತಕದಲ್ಲೇ ಇದೆ, ಕತ್ತು ಪೂರ್ತಿ ಬೋಳು, ಶುದ್ಧ, ಈ ಸಲ...

"ನೀವು ಹೇಳೋದು ಬೇಡ ಸಾರ್," ಅಂದಳು. "ನೀವು ಹಿಡ್ಕೊಳ್ಳಿ. ನಾನು ನೋಡ್ತೀನಿ."

ಅಂಗಳದ ಬೆಳಕಿಗೆ ತಂದು ಹಿಡಿದೆ. ಅವಳು ನನ್ನ ಮೇಜಿನಿಂದ ಲೆನ್ಸು ತರಿಸಿಕೊಂಡು ಕಣ್ಣಿಗೆ ಹಾಕಿದಳು. ಮೊದಲ ಸಲವಾದ್ದರಿಂದ ಎರಡು ಸಲ ಬಿದ್ದುಹೋಯಿತು. ಆಮೇಲೆ ಹೊಲಿಗೆ ಪರೀಕ್ಷೆ ಮಾಡುವವಳ ಹಾಗೆ, ಕಿವಿಯ ಕೆಳಗಿನಿಂದ ಶುರುಮಾಡಿ, ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಒಂದೊಂದು ಅಂಗುಲವನ್ನೂ ನೋಡಿದಳು. ಎಡಗಡೆ ಮುಗಿಸಿ ಬಲಗಡೆ. ಬಲಗಡೆ ಮುಗಿಸಿ ಮತ್ತೆ ಮುಂದೆ. ಹುಂಜ ಒದೆಯುತ್ತಿತ್ತು, ಸೊಟ್ಟ ಬೆರಳಿನ ಉಗುರು ನನ್ನ ಮಣಿಕಟ್ಟಿಗೆ ಗೀರಿತು. ಬಿಸಿಲು ನೆತ್ತಿಗೆ ಬಂತು. ಇಷ್ಟು ನಿಧಾನವಾಗಿ ನೋಡುವವರನ್ನು ನಾನು ಇದುವರೆಗೆ ಕಂಡಿಲ್ಲ. ಅರ್ಧ ಗಂಟೆಯಾಗಿರಬಹುದು. "ಸ್ವಲ್ಪ ಮೇಲೆ," ಅಂದಳು. ತೋಳು ನೋಯುತ್ತಿತ್ತು. ಮೇಲೆತ್ತಿ ಹಿಡಿದೆ.